ರೀಫ್ ಟ್ಯಾಂಕ್‌ನಲ್ಲಿ ಜೈವಿಕ ಫಿಲ್ಟರ್ ಮೀಡಿಯಾ ಎಲ್ಲಿಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ರೀಫ್ ಟ್ಯಾಂಕ್ ಎಂದರೆ ಕಡಲ ನೀರಿನಲ್ಲಿ ಹವಳ ಸಾಕುವ ಗಾಜಿನ ತೊಟ್ಟಿ; ಜೈವಿಕ ಫಿಲ್ಟರ್ ಮೀಡಿಯಾ ಎಂದರೆ ನೀರು ಶುದ್ಧ ಮಾಡುವ ಸೂಕ್ಷ್ಮಜೀವಿಗಳು ನೆಲೆಸಲೆಂದು ಇಡುವ ಉಂಡೆ, ಉಂಗುರ, ಇಟ್ಟಿಗೆಯಂಥ ಸಾಮಗ್ರಿ. ಹವಳ ಸಾಕುವವರು ಯಾವ ಕಂಪನಿಯ ಮೀಡಿಯಾ ಕೊಳ್ಳಬೇಕೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಕೊಂಡ ಮೇಲೆ ಸಂಪ್‌ನಲ್ಲಿ (ಟ್ಯಾಂಕ್‌ನ ಕೆಳಗಿರುವ ಫಿಲ್ಟರ್ ತೊಟ್ಟಿಯಲ್ಲಿ) ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿ ಸುರಿದು ಮರೆತುಬಿಡುತ್ತಾರೆ. ನನ್ನ ಮಟ್ಟಿಗೆ ಇದು ತಿರುಗಮುರುಗಾದ ಕ್ರಮ. ಒಳ್ಳೆಯ ಜಾಗದಲ್ಲಿಟ್ಟ ಅಗ್ಗದ ಮೀಡಿಯಾ ಕೆಟ್ಟ ಜಾಗದಲ್ಲಿಟ್ಟ ದುಬಾರಿ ಮೀಡಿಯಾಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಕೆಳಗಿನ ಉತ್ತರಗಳೆಲ್ಲ ಈ ಅಭಿಪ್ರಾಯದಿಂದಲೇ ಹೊರಟಿವೆ.

ಮೀಡಿಯಾ ನಿಜವಾಗಿ ಮಾಡುವ ಕೆಲಸವೇನು?

ಮೀಡಿಯಾ ತಾನಾಗಿ ಏನನ್ನೂ ಮಾಡುವುದಿಲ್ಲ. ಸೂಕ್ಷ್ಮಜೀವಿಗಳಿಗೆ ಅಂಟಿಕೊಳ್ಳಲು ಜಾಗ ಕೊಡುತ್ತದೆ, ಅಷ್ಟೇ. ಮೀನುಗಳು ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಬಿಡುತ್ತವೆ, ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಬರುತ್ತದೆ. ಒಂದು ಗುಂಪಿನ ಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಕಡಲ ನೀರಿನ ಟ್ಯಾಂಕ್‌ನಲ್ಲಿ ಪಿಎಚ್ 8.2ರ ಆಸುಪಾಸಿನಲ್ಲಿ ಇರುವುದರಿಂದ, ಪರೀಕ್ಷಾ ಕಿಟ್ ತೋರಿಸುವ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಏಳೆಂಟು ಪಾಲು ನೇರವಾಗಿ ವಿಷಕಾರಿಯಾದ ರೂಪದಲ್ಲಿರುತ್ತದೆ. ಪಿಎಚ್ ಕಡಿಮೆ ಇರುವ ಸಿಹಿನೀರಿನ ಟ್ಯಾಂಕ್‌ನಲ್ಲಿ ಈ ಪಾಲು ತೀರಾ ಅಲ್ಪ. ಆದ್ದರಿಂದ ಸಿಹಿನೀರಿನಲ್ಲಿ ಮೀನು ಸಾಕಿ ಪಳಗಿದವರೂ ಇಲ್ಲಿ ಸ್ವಲ್ಪ ಎಚ್ಚರದಿಂದಿರಬೇಕು.

ಈ ಕೆಲಸಕ್ಕೆ ಬ್ಯಾಕ್ಟೀರಿಯಾ ಮಾತ್ರ ಕಾರಣವೆಂದು ಬಹುಕಾಲ ನಂಬಲಾಗಿತ್ತು. 2005ರಲ್ಲಿ ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಷ್ಣವಲಯದ ಕಡಲ ಟ್ಯಾಂಕೊಂದರಿಂದ ಬೇರ್ಪಡಿಸಿದ ನೈಟ್ರೊಸೊಪ್ಯುಮಿಲಸ್ ಮ್ಯಾರಿಟಿಮಸ್ ಎಂಬ ಜೀವಿ ಆ ನಂಬಿಕೆಯನ್ನು ಅಲ್ಲಾಡಿಸಿತು. ಅದು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆಯದೇ ವರ್ಗದ್ದು. ಅಮೋನಿಯಾ ಅತಿ ಕಡಿಮೆ ಇರುವ ನೀರಿನಲ್ಲೂ ಬದುಕಬಲ್ಲದು. ಚೆನ್ನಾಗಿ ಪಕ್ವವಾದ ಟ್ಯಾಂಕ್‌ಗಳಲ್ಲಿ ಇಂಥವುಗಳ ಪಾತ್ರ ದೊಡ್ಡದು.

ಎಲ್ಲಿಡಬೇಕು ಎಂಬ ಪ್ರಶ್ನೆಗೆ ಮುಖ್ಯವಾದ ಲೆಕ್ಕ ಇಲ್ಲಿದೆ: 1 ಮಿಲಿಗ್ರಾಂ ಅಮೋನಿಯಾ ಸಾರಜನಕ ಪೂರ್ತಿ ನೈಟ್ರೇಟ್ ಆಗಲು ಸುಮಾರು 4.6 ಮಿಲಿಗ್ರಾಂ ಆಮ್ಲಜನಕ ಬೇಕು. 26 ಡಿಗ್ರಿಯ ಕಡಲ ನೀರು ಗಾಳಿಯಿಂದ ತುಂಬಿಕೊಂಡರೂ ಲೀಟರಿಗೆ ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಏಳು ಮಿಲಿಗ್ರಾಂಗಿಂತ ಕಡಿಮೆ. ಅದೇ ಉಷ್ಣತೆಯ ಸಿಹಿನೀರಿನಲ್ಲಿ ಎಂಟು ಮಿಲಿಗ್ರಾಂ ಇರುತ್ತದೆ. ಎಂದರೆ ಈ ಜೀವಿಗಳಿಗೆ ಜಾಗದ ಬರಕ್ಕಿಂತ ಉಸಿರಿನ ಬರ ಮೊದಲು ಬರುತ್ತದೆ.

ಸಂಪ್‌ನಲ್ಲಿ ಸರಿಯಾದ ಜಾಗ ಯಾವುದು?

ನೀರು ಹರಿಯುವ ದಾರಿಯನ್ನು ಹಿಡಿದು ಹೋಗೋಣ. ಮೇಲಿನ ಟ್ಯಾಂಕ್‌ನಿಂದ ಓವರ್‌ಫ್ಲೋ ಮೂಲಕ ಇಳಿದ ನೀರು ಮೊದಲು ಫಿಲ್ಟರ್ ಸಾಕ್ (ಕಸ ಹಿಡಿಯುವ ಬಟ್ಟೆಯ ಚೀಲ) ಅಥವಾ ರೋಲರ್‌ಗೆ (ತಾನಾಗಿ ಸುತ್ತಿಕೊಳ್ಳುವ ಫಿಲ್ಟರ್ ಬಟ್ಟೆಗೆ) ಬೀಳುತ್ತದೆ, ಅಲ್ಲಿಂದ ಗುಳ್ಳೆಗಳಿಂದ ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರ್‌ನ ಕೋಣೆಗೆ, ಅಲ್ಲಿಂದ ಬ್ಯಾಫಲ್ ಎಂಬ ಅಡ್ಡಗೋಡೆ ದಾಟಿ, ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ರಿಟರ್ನ್ ಪಂಪ್‌ಗೆ. ಮೀಡಿಯಾದ ಜಾಗ ಸ್ಕಿಮ್ಮರ್ ಆದ ಮೇಲೆ, ರಿಟರ್ನ್ ಪಂಪ್‌ಗೆ ಮುಂಚೆ.

ಕಾರಣ ಎರಡು. ಸ್ಕಿಮ್ಮರ್ ಕೊಳೆಯುವ ವಸ್ತುವನ್ನು ಅದು ಅಮೋನಿಯಾ ಆಗುವ ಮುನ್ನವೇ ನೊರೆಯಾಗಿ ಎತ್ತಿ ಹೊರಹಾಕುತ್ತದೆ. ಮೀಡಿಯಾ ಹೊರಹಾಕುವುದಿಲ್ಲ, ರೂಪ ಬದಲಿಸುತ್ತದೆ ಮಾತ್ರ. ಹೊರಹಾಕುವವರಿಗೆ ಮೊದಲ ಸರದಿ ಕೊಡುವುದೇ ನ್ಯಾಯ. ಎರಡನೆಯದಾಗಿ, ಸ್ಕಿಮ್ಮರ್‌ನಿಂದ ಹೊರಬರುವ ನೀರು ಗುಳ್ಳೆಗಳ ಜೊತೆ ಬಡಿದಾಡಿ ಆಮ್ಲಜನಕ ತುಂಬಿಕೊಂಡಿರುತ್ತದೆ. ಇಡೀ ಸಂಪ್‌ನಲ್ಲಿ ಇದಕ್ಕಿಂತ ಸ್ವಚ್ಛವೂ ಇದಕ್ಕಿಂತ ಚೆನ್ನಾಗಿ ಉಸಿರು ತುಂಬಿದ್ದೂ ಆದ ನೀರು ಬೇರೆಲ್ಲೂ ಸಿಗದು.

ಒಂದು ಅಪವಾದವಿದೆ. ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಇಂಗಾಲ ಒದಗಿಸುವ ಬಯೋ ಪೆಲೆಟ್ ಎಂಬ ಗುಳಿಗೆಗಳು ಕರಗುತ್ತ ಬ್ಯಾಕ್ಟೀರಿಯಾವನ್ನು ಪದರಪದರವಾಗಿ ಉದುರಿಸುತ್ತವೆ. ಅವುಗಳನ್ನು ತುಂಬಿಟ್ಟ ಕೊಳವೆಯ (ರಿಯಾಕ್ಟರ್‌ನ) ಹೊರಹರಿವು ಸ್ಕಿಮ್ಮರ್‌ನ ಬಾಯಿಗೆ ಹತ್ತಿರ ಇರಬೇಕು, ಉದುರಿದ್ದನ್ನು ಸ್ಕಿಮ್ಮರ್ ಎತ್ತಿಕೊಳ್ಳಲಿ ಎಂದು.

ಫಿಲ್ಟರ್ ಸಾಕ್ ಒಳಗೇ ಹಾಕಿದರೆ ಆಗದೇ? ಜಾಗ ಉಳಿಯುತ್ತದಲ್ಲ?

ಬೇಡ. ಸಾಕ್ ಇರುವುದೇ ಕೊಳೆ ಹಿಡಿಯಲು, ಮೂರು ನಾಲ್ಕು ದಿನಕ್ಕೊಮ್ಮೆ ತೆಗೆದು ತೊಳೆಯಲು. ಕೊಳೆ ಕೂತ ಕಡೆ ಕೊಳೆ ತಿನ್ನುವ ಬೇರೆ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವು ಅಮೋನಿಯಾ ತಿನ್ನುವ ನಿಧಾನಗತಿಯ ಜೀವಿಗಳ ಮೇಲೆ ಹಬ್ಬಿ ಆಮ್ಲಜನಕವನ್ನೆಲ್ಲ ಕಬಳಿಸುತ್ತವೆ.

ನೀರು ಮೀಡಿಯಾದ ಒಳಗೆ ನುಗ್ಗಿ ಹಾಯಬೇಕೋ, ಪಕ್ಕದಲ್ಲಿ ಹರಿದು ಹೋದರೆ ಸಾಕೋ?

ಇದು ಮೀಡಿಯಾದ ಆಕಾರವನ್ನು ಅವಲಂಬಿಸಿದೆ. ಸಣ್ಣ ಉಂಡೆ, ಉಂಗುರ, ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲಿನ) ಹರಳುಗಳನ್ನು ಬಲೆಯ ಚೀಲದಲ್ಲಿ ಒತ್ತಿ ತುಂಬಿದರೆ ಹೊರಗಿನ ಒಂದೆರಡು ಸಾಲಿಗೆ ಮಾತ್ರ ನೀರು ತಲುಪುತ್ತದೆ. ಒಳಗಿನವು ಹೆಸರಿಗಷ್ಟೇ ಇರುತ್ತವೆ. ಇಂಥವನ್ನು ತಟ್ಟೆಯ ಮೇಲೆ ತೆಳುವಾಗಿ, ಮೂರು ನಾಲ್ಕು ಇಂಚಿಗಿಂತ ದಪ್ಪವಿಲ್ಲದಂತೆ ಹರಡಿ, ನೀರು ಅವುಗಳ ನಡುವೆ ಹಾಯುವಂತೆ ಮಾಡುವುದು ಒಳ್ಳೆಯದು. ದೊಡ್ಡ ಸೆರಾಮಿಕ್ ಇಟ್ಟಿಗೆಗಳಿಗೆ ಈ ಗೋಜಿಲ್ಲ. ನಾಲ್ಕೂ ಕಡೆ ನೀರು ಸರಿದಾಡುವಂತೆ, ಗೋಡೆಗೂ ತಳಕ್ಕೂ ಅಂಟದಂತೆ ನಿಲ್ಲಿಸಿದರೆ ಸಾಕು.

ಎರಡಕ್ಕೂ ಅನ್ವಯಿಸುವ ಒಂದು ಸೂಚನೆ: ಮೀಡಿಯಾವನ್ನು ಸಂಪ್‌ನ ನೆಲದ ಮೇಲೆ ನೇರವಾಗಿ ಇಡಬೇಡಿ. ಎಗ್ ಕ್ರೇಟ್ ಎಂದು ಅಂಗಡಿಯವರು ಕರೆಯುವ ಚೌಕುಳಿ ಪ್ಲಾಸ್ಟಿಕ್ ಜಾಲರಿಯನ್ನು ಪಿವಿಸಿ ಪೈಪ್ ತುಂಡುಗಳ ಮೇಲೆ ಕೂರಿಸಿ, ಅದರ ಮೇಲಿಡಿ. ಗಸಿ ಕೆಳಗೆ ಇಳಿಯುತ್ತದೆ, ಒಂದು ನಳಿಕೆ ತೂರಿಸಿ ಅದನ್ನು ಎಳೆದು ತೆಗೆಯಬಹುದು. ಮೀಡಿಯಾ ಎತ್ತಿ ಕೆಳಗಿಡುವ ಕೆಲಸವಿದ್ದರೆ ಯಾರೂ ಗಸಿ ತೆಗೆಯುವುದಿಲ್ಲ. ಇದು ಮನುಷ್ಯ ಸ್ವಭಾವದ ಮಾತು, ಜೀವಶಾಸ್ತ್ರದ್ದಲ್ಲ.

ಇನ್ನು ಹರಿವಿನ ವೇಗ. ಟ್ಯಾಂಕ್‌ನ ಗಾತ್ರದ ಮೂರರಿಂದ ಐದು ಪಟ್ಟು ನೀರು ಗಂಟೆಗೊಮ್ಮೆ ಸಂಪ್ ಹಾದು ಹೋಗುವುದು ವಾಡಿಕೆ. 300 ಲೀಟರಿನ ಟ್ಯಾಂಕ್‌ಗೆ ಗಂಟೆಗೆ 900ರಿಂದ 1500 ಲೀಟರ್. ಮೀಡಿಯಾಕ್ಕೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ.

ದೊಡ್ಡ ಇಟ್ಟಿಗೆಯ ಒಳಭಾಗದಲ್ಲಿ ನೈಟ್ರೇಟ್ ಕರಗಿಹೋಗುತ್ತದಂತೆ, ನಿಜವೇ?

ತತ್ವ ಸರಿಯಾಗಿದೆ. ಆಮ್ಲಜನಕ ತಲುಪದ ಒಳರಂಧ್ರಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟ್‌ನಲ್ಲಿರುವ ಆಮ್ಲಜನಕವನ್ನು ಉಸಿರಾಟಕ್ಕೆ ಬಳಸಿ, ಸಾರಜನಕವನ್ನು ಅನಿಲವಾಗಿ ಬಿಡುತ್ತವೆ. ಆ ಅನಿಲ ಗಾಳಿಗೆ ಸೇರಿ ಹೋಗುತ್ತದೆ. ಆದರೆ ಅವುಗಳಿಗೆ ತಿನ್ನಲು ಇಂಗಾಲವೂ ಬೇಕು, ಇಟ್ಟಿಗೆಯ ನಡುವಿಗೆ ಅದು ಸುಲಭವಾಗಿ ತಲುಪುವುದಿಲ್ಲ. ಹಾಗಾಗಿ ಫಲ ಕಾಣಲು ಹಲವು ತಿಂಗಳು ಹಿಡಿಯುತ್ತದೆ, ಕೆಲವು ಟ್ಯಾಂಕ್‌ಗಳಲ್ಲಿ ಕಾಣುವುದೇ ಇಲ್ಲ. ನೈಟ್ರೇಟ್ ಇಳಿಸುವ ಏಕೈಕ ಉದ್ದೇಶಕ್ಕೆ ಇಟ್ಟಿಗೆ ಕೊಳ್ಳುವವರಿಗೆ ನಾನು ಬೇಡವೆನ್ನುತ್ತೇನೆ. ಅದೇ ಹಣಕ್ಕೆ ಒಂದು ಮೆಟ್ಟಿಲು ದೊಡ್ಡ ಸ್ಕಿಮ್ಮರ್ ಬಂದರೆ ಅದನ್ನೇ ತನ್ನಿ.

ರಿಫ್ಯೂಜಿಯಂನಲ್ಲಿ (ಸಂಪ್‌ನಲ್ಲಿ ದೀಪ ಹಾಕಿ ಪಾಚಿ ಬೆಳೆಸುವ ಕೋಣೆಯಲ್ಲಿ), ಪಾಚಿಯ ಕೆಳಗೆ ಇಡಬಹುದೇ?

ಇಟ್ಟರೆ ಅನಾಹುತವೇನೂ ಆಗದು, ಲಾಭವೂ ಅಷ್ಟಕ್ಕಷ್ಟೆ. ಅಲ್ಲಿ ಬೆಳಕು ಬಿದ್ದು ಮೀಡಿಯಾದ ಮೇಲೆ ಹಸಿರು ಪಾಚಿ ಕಟ್ಟಿಕೊಂಡು ರಂಧ್ರಗಳು ಮುಚ್ಚುತ್ತವೆ. ಕೀಟೊಮಾರ್ಫಾದಂಥ ಪಾಚಿ ಬೆಳೆಸುವುದು ಅಮೋನಿಯಾ, ನೈಟ್ರೇಟ್, ಫಾಸ್ಫೇಟ್‌ಗಳನ್ನು ಹೀರಿಸಿ ಕತ್ತರಿಸಿ ಎಸೆಯಲು. ಅದರ ತಟ್ಟೆಯಲ್ಲೇ ಇನ್ನೊಬ್ಬ ಪಾಲುದಾರನನ್ನು ಕೂರಿಸುವ ಅಗತ್ಯವಿಲ್ಲ. ಕತ್ತಲೆಯ ಕೋಣೆ ಸಿಕ್ಕರೆ ಮೀಡಿಯಾ ಅಲ್ಲಿರಲಿ.

ಲೈವ್ ರಾಕ್ (ಸೂಕ್ಷ್ಮಜೀವಿಗಳು ನೆಲೆಸಿದ ಕಡಲ ಕಲ್ಲು) ಇದ್ದರೂ ಮೀಡಿಯಾ ಬೇಕೇ?

ಬಹಳಷ್ಟು ಟ್ಯಾಂಕ್‌ಗಳಿಗೆ ಬೇಡ. ಇಂಡೊನೇಷ್ಯಾದ ಲೀ ಚಿನ್ ಎಂಗ್ 1960ರ ದಶಕದ ಆರಂಭದಲ್ಲೇ ಕಡಲ ಕಲ್ಲು ಮತ್ತು ಗಾಳಿಗುಳ್ಳೆಗಳಿಂದಲೇ ಹವಳದ ಟ್ಯಾಂಕ್ ನಡೆಸಿ ತೋರಿಸಿದವರು. ಆಮೇಲೆ ಜರ್ಮನಿಯ ಹವ್ಯಾಸಿಗಳು ಅದಕ್ಕೆ ಬಲವಾದ ಸ್ಕಿಮ್ಮರ್ ಸೇರಿಸಿ ರೂಪಿಸಿದ್ದನ್ನು ಇಂದಿಗೂ ಬರ್ಲಿನ್ ಪದ್ಧತಿ ಎನ್ನುತ್ತಾರೆ. ಅದರಲ್ಲಿ ಪ್ರತ್ಯೇಕ ಜೈವಿಕ ಮೀಡಿಯಾ ಎಂಬುದೇ ಇಲ್ಲ. ಕಲ್ಲು, ಮರಳು, ಗಾಜಿನ ಗೋಡೆ, ಪೈಪಿನ ಒಳಮೈ ಎಲ್ಲವೂ ಮೀಡಿಯಾವೇ.

ಹಾಗಿದ್ದರೂ ಕೆಲವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಈಗಿನ ಒಲವು ಟ್ಯಾಂಕ್‌ನಲ್ಲಿ ಎರಡು ಮೂರೇ ಕಲ್ಲು ನಿಲ್ಲಿಸಿ ನೀರಿಗೆ ಹೆಚ್ಚು ಬಯಲು ಬಿಡುವುದು; ಅದರ ಜೊತೆ ತಳದಲ್ಲಿ ಮರಳೂ ಇಲ್ಲದಿದ್ದರೆ ಅಂಟಿಕೊಳ್ಳುವ ಮೈ ನಿಜವಾಗಿಯೂ ಕಡಿಮೆಯಾಗುತ್ತದೆ. ಮೀನುಗಳ ಸಂಖ್ಯೆ ಹೆಚ್ಚಿದ್ದು ದಿನಕ್ಕೆ ನಾಲ್ಕೈದು ಬಾರಿ ಆಹಾರ ಹಾಕುವವರಿಗೂ ಸಂಪ್‌ನಲ್ಲಿ ಒಂದಿಷ್ಟು ಮೀಡಿಯಾ ಆಸರೆ. ಡ್ರೈ ರಾಕ್‌ನಿಂದ (ಜೀವಿಗಳಿಲ್ಲದ ಒಣ ಕಲ್ಲಿನಿಂದ) ಹೊಸದಾಗಿ ಶುರು ಮಾಡುವವರು ಹಳೆಯ ಟ್ಯಾಂಕ್‌ನಲ್ಲಿ ಪಳಗಿದ ಒಂದು ಹಿಡಿ ಮೀಡಿಯಾವನ್ನು ಯಾರಿಂದಲಾದರೂ ತಂದಿಟ್ಟರೆ, ಈ ಜೀವಿಗಳು ನೆಲೆಯೂರುವವರೆಗಿನ, ಸಾಮಾನ್ಯವಾಗಿ ತಿಂಗಳು ಮೀರುವ ಕಾಯುವಿಕೆ ಗಣನೀಯವಾಗಿ ಕಡಿಮೆಯಾಗುತ್ತದೆ. ತಂದಿಡುವ ಮೊದಲು ಆ ಟ್ಯಾಂಕ್‌ನಲ್ಲಿ ಆಪ್ಟೇಸಿಯಾ ಎಂಬ ಕಳೆ ಅನಿಮೊನಿ ಇದೆಯೇ ಎಂದು ನೋಡಿಕೊಳ್ಳಿ.

ಎಷ್ಟು ಹಾಕಬೇಕು? ಹೆಚ್ಚು ಹಾಕಿದಷ್ಟೂ ಒಳ್ಳೆಯದಲ್ಲವೇ?

ಹತ್ತು ಜನರಿಗಾಗುವಷ್ಟು ಅಡುಗೆ ಮಾಡಿ ನೂರು ಎಲೆ ಹಾಕಿದರೆ ಉಣ್ಣುವವರು ಹತ್ತೇ ಮಂದಿ. ಅಮೋನಿಯಾ ತಿನ್ನುವ ಜೀವಿಗಳ ಸಂಖ್ಯೆಯನ್ನು ನಿರ್ಧರಿಸುವುದು ಟ್ಯಾಂಕ್‌ನಲ್ಲಿ ದಿನವೂ ಹುಟ್ಟುವ ಅಮೋನಿಯಾ, ಮೀಡಿಯಾದ ಲೀಟರ್ ಅಲ್ಲ. ಪೊಟ್ಟಣದ ಮೇಲೆ ಅಚ್ಚಾದ ಚದರ ಮೀಟರ್ ಲೆಕ್ಕದಲ್ಲಿ ಸೂಕ್ಷ್ಮ ರಂಧ್ರಗಳೂ ಸೇರಿರುತ್ತವೆ. ಅವುಗಳಲ್ಲಿ ಎಷ್ಟೋ ಬ್ಯಾಕ್ಟೀರಿಯಾ ನುಸುಳಲಾರದಷ್ಟು ಚಿಕ್ಕವು, ಇನ್ನೆಷ್ಟೋ ಕೆಲವೇ ವಾರಗಳಲ್ಲಿ ಲೋಳೆಯಿಂದ ಮುಚ್ಚಿಹೋಗುವಂಥವು.

ಕಲ್ಲು ತಕ್ಕಮಟ್ಟಿಗೆ ಇದ್ದರೆ 200 ಲೀಟರ್ ನೀರಿಗೆ ಅರ್ಧದಿಂದ ಒಂದು ಲೀಟರ್ ಸೆರಾಮಿಕ್ ಅಥವಾ ಪ್ಯೂಮಿಸ್ ಧಾರಾಳ. ಸಂಪ್‌ನ ಅರ್ಧಭಾಗ ತುಂಬಿಸಿಟ್ಟವರಿಗೆ ನೀರಿನ ಪ್ರಮಾಣ ಕಡಿಮೆಯಾಗುತ್ತದೆ, ಗಸಿ ಕೂರುವ ಮೂಲೆಗಳು ಹೆಚ್ಚುತ್ತವೆ, ಲಾಭ ಮಾತ್ರ ಬರುವುದಿಲ್ಲ.

ಬಯೋ ಬಾಲ್‌ಗಳನ್ನು ನೈಟ್ರೇಟ್ ಕಾರ್ಖಾನೆ ಎನ್ನುತ್ತಾರೆ. ಎಸೆಯಲೇ?

ಆ ಹೆಸರು ಬಂದದ್ದು 1980ರ ದಶಕದ ಟ್ರಿಕಲ್ ಫಿಲ್ಟರ್‌ಗಳಿಂದ. ನೀರಿನ ಮೇಲೆ, ಗಾಳಿಯಲ್ಲಿ ನಿಂತ ಪ್ಲಾಸ್ಟಿಕ್ ಉಂಡೆಗಳ ಗೋಪುರದ ಮೇಲೆ ನೀರು ಜಿನುಗುತ್ತಿತ್ತು. ಉಂಡೆಗಳು ಎಲ್ಲಿಂದಲೋ ನೈಟ್ರೇಟ್ ಸೃಷ್ಟಿಸುತ್ತಿರಲಿಲ್ಲ. ಹೋದ ಅಮೋನಿಯಾ ಎಷ್ಟೋ ಅಷ್ಟೇ ನೈಟ್ರೇಟ್ ಬರುತ್ತಿತ್ತು. ತೊಂದರೆ ಇದ್ದದ್ದು ಜಾಗದಲ್ಲಿ: ಮುಂದೆ ಸರಿಯಾದ ಸ್ಪಂಜ್ ಇಲ್ಲದೆ ಕಸವೆಲ್ಲ ಉಂಡೆಗಳ ಸಂದಿಯಲ್ಲಿ ಕೊಳೆಯುತ್ತಿತ್ತು, ಎಲ್ಲ ಕೆಲಸವೂ ಗಾಳಿಯಲ್ಲೇ ನಡೆಯುತ್ತಿದ್ದುದರಿಂದ ನೈಟ್ರೇಟ್ ಕರಗಿಸುವ ಆಮ್ಲಜನಕರಹಿತ ಮೂಲೆ ಹತ್ತಿರದಲ್ಲಿ ಇರುತ್ತಿರಲಿಲ್ಲ. ಕಲ್ಲಿನ ಮೇಲೆ ಹುಟ್ಟಿದ ನೈಟ್ರೇಟ್‌ಗೆ ಕೆಲವೇ ಮಿಲಿಮೀಟರ್ ಆಳದಲ್ಲಿ ಅದನ್ನು ತಿನ್ನುವವರು ಇರುತ್ತಾರೆ. ಹವಳವಿಲ್ಲದೆ ಮೀನು ಮಾತ್ರ ಸಾಕುವವರಿಗೆ ಬಯೋ ಬಾಲ್ ಇಂದಿಗೂ ನಡೆಯುತ್ತದೆ. ಹವಳದ ಟ್ಯಾಂಕ್‌ಗೆ ನಾನು ಹಾಕುವುದಿಲ್ಲ.

ಮೇಲಿನ ಟ್ಯಾಂಕ್‌ನಲ್ಲೇ ಕಲ್ಲುಗಳ ಹಿಂದೆ ಬಚ್ಚಿಡಬಹುದೇ?

ಇಡಬಹುದು. ಆದರೆ ವರ್ಷ ಕಳೆಯುವಷ್ಟರಲ್ಲಿ ಅದರ ಮೇಲೆ ಹವಳ ಹಬ್ಬಿರುತ್ತದೆ, ಮತ್ತೆ ಹೊರತೆಗೆಯಲು ಆಗುವುದಿಲ್ಲ. ಕಲ್ಲಿನ ಹಿಂದೆ ಹರಿವು ಮಂದವಾಗಿರುವುದರಿಂದ ಗಸಿ ಕೂರುವುದೂ ಅಲ್ಲೇ. ಹಾಗೆ ಇಡಲೇಬೇಕೆಂದರೆ ಒಂದು ವೇವ್‌ಮೇಕರ್‌ನ (ಟ್ಯಾಂಕ್‌ನೊಳಗೆ ನೀರು ಓಡಾಡಿಸುವ ಪಂಪ್‌ನ) ಬಾಯಿ ಆ ಕಡೆ ತಿರುಗಿರಲಿ.

ಸಂಪ್ ಇಲ್ಲದ ಚಿಕ್ಕ ಟ್ಯಾಂಕ್‌ನಲ್ಲಿ?

ಹಿಂಭಾಗದಲ್ಲಿ ಕೋಣೆಗಳಿರುವ ಟ್ಯಾಂಕ್‌ಗಳಲ್ಲಿ ಸಾಮಾನ್ಯವಾಗಿ ಮೂರು ಕೋಣೆ. ಮೊದಲನೆಯದರ ಮೇಲ್ಭಾಗದಲ್ಲಿ ಫಿಲ್ಟರ್ ಹತ್ತಿ, ನಡುವಿನದರಲ್ಲಿ ತಟ್ಟೆಗಳ ಮೇಲೆ ಮೀಡಿಯಾ, ಕೊನೆಯದರಲ್ಲಿ ಪಂಪ್. ನಡುವಿನ ಕೋಣೆಯನ್ನು ತಳದಿಂದ ತುದಿಯವರೆಗೆ ತುಂಬಬೇಡಿ. ಹತ್ತಿಯನ್ನು ವಾರಕ್ಕೆ ಎರಡು ಬಾರಿಯಾದರೂ ಬದಲಿಸಿ. 60 ಲೀಟರ್‌ಗಿಂತ ಚಿಕ್ಕದಾದ, ಒಂದೆರಡು ಮೀನಿರುವ ಟ್ಯಾಂಕ್‌ಗೆ ಕಲ್ಲು ಸಾಕು. ಆ ಕೋಣೆಯಲ್ಲಿ ಸಕ್ರಿಯ ಇದ್ದಿಲಿನ ಚೀಲ ಇಟ್ಟರೆ ಹೆಚ್ಚು ಉಪಯೋಗ.

ಕ್ಯಾನಿಸ್ಟರ್ (ಟ್ಯಾಂಕ್‌ನ ಹೊರಗಿಡುವ, ಮುಚ್ಚಿದ ಡಬ್ಬಿಯಂಥ ಫಿಲ್ಟರ್) ಬಳಸುವವರು ನೀರು ಯಾವ ಕಡೆಯಿಂದ ಒಳಬರುತ್ತದೆ ನೋಡಿ. ಕೆಳಗಿನಿಂದ ಮೇಲಕ್ಕೆ ಹರಿಯುವ ಮಾದರಿಯಲ್ಲಿ ಒರಟು ಸ್ಪಂಜ್ ತಳದಲ್ಲಿ, ಮೀಡಿಯಾ ಅದರ ಮೇಲೆ. ಮೇಲಿನಿಂದ ಇಳಿಯುವುದಾದರೆ ಇದು ತಲೆಕೆಳಗಾಗಬೇಕು.

ಕರೆಂಟ್ ಹೋದಾಗ ಮೀಡಿಯಾಕ್ಕೆ ಏನಾಗುತ್ತದೆ?

ಬೇಸಿಗೆಯ ಲೋಡ್ ಶೆಡ್ಡಿಂಗ್ ಕಂಡವರು ಕೇಳಲೇಬೇಕಾದ ಪ್ರಶ್ನೆ. ಮುಚ್ಚಿದ ಕ್ಯಾನಿಸ್ಟರ್‌ನಲ್ಲಿ ಹರಿವು ನಿಂತರೆ ಒಳಗಿನ ಜೀವಿಗಳು ಅಲ್ಲಿದ್ದ ಆಮ್ಲಜನಕವನ್ನು ಬೇಗನೆ ಮುಗಿಸಿಬಿಡುತ್ತವೆ. ಹಲವು ಗಂಟೆ ಹಾಗೇ ಉಳಿದರೆ ಸಾಯಲು ತೊಡಗುತ್ತವೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಹುಟ್ಟಬಹುದು. ಕರೆಂಟ್ ಬಂದ ಕ್ಷಣ ಆ ನೀರೆಲ್ಲ ಟ್ಯಾಂಕ್‌ಗೆ ಸುರಿಯುತ್ತದೆ. ಆದ್ದರಿಂದ ದೀರ್ಘ ಕಡಿತದ ನಂತರ ಕ್ಯಾನಿಸ್ಟರ್ ನೀರನ್ನು ಚೆಲ್ಲಿ, ಮೀಡಿಯಾವನ್ನು ಟ್ಯಾಂಕ್ ನೀರಿನಲ್ಲೇ ಅದ್ದಿ, ಆಮೇಲೆ ಚಾಲೂ ಮಾಡಿ.

ತೆರೆದ ಸಂಪ್‌ನಲ್ಲಿಟ್ಟ ಮೀಡಿಯಾ ಇದಕ್ಕಿಂತ ಸುರಕ್ಷಿತ. ನೀರಿನ ಮೇಲ್ಮೈಯಿಂದ ಸ್ವಲ್ಪವಾದರೂ ಗಾಳಿ ಬೆರೆಯುತ್ತಿರುತ್ತದೆ. ನಮ್ಮ ಊರುಗಳಲ್ಲಿ ರೀಫ್ ಟ್ಯಾಂಕ್‌ಗೆ ಕ್ಯಾನಿಸ್ಟರ್ ಬೇಡ, ಸಂಪ್ ಇರಲಿ ಎಂದು ನಾನು ಹೇಳಲು ಇದೇ ಮುಖ್ಯ ಕಾರಣ. ಯುಪಿಎಸ್ ಸಾಮರ್ಥ್ಯ ಕಡಿಮೆ ಇದ್ದರೆ ಮೊದಲು ಮೇಲಿನ ಟ್ಯಾಂಕ್‌ನ ಒಂದು ವೇವ್‌ಮೇಕರ್ ನಡೆಯಲಿ. ಮೀನು ಉಸಿರಾಡಬೇಕು, ಕಲ್ಲಿನ ಜೀವಿಗಳೂ ಉಸಿರಾಡಬೇಕು. ಸಂಪ್‌ನ ಮೀಡಿಯಾ ಆಮೇಲೆ.

ಹೊಸ ಸೆರಾಮಿಕ್ ಮೀಡಿಯಾ ಹಾಕಿದ ಮೇಲೆ ಲೆದರ್ ಹವಳ ಮುದುಡಿಕೊಂಡಿದೆ. ಸಂಬಂಧವಿದೆಯೇ?

ಇರಬಹುದು. ಕೆಲವು ಸೆರಾಮಿಕ್‌ಗಳಲ್ಲಿ ಅಲ್ಯೂಮಿನಿಯಂ ಸಂಯುಕ್ತಗಳಿದ್ದು, ಹೊಸದರಲ್ಲಿ ಅದರ ಪುಡಿ ನೀರಿಗೆ ಬೆರೆಯುತ್ತದೆ. ಲೆದರ್‌ನಂಥ ಮೃದು ಹವಳಗಳಿಗೆ ಅದು ಹಿಡಿಸುವುದಿಲ್ಲ. ಕೊಂಡದ್ದನ್ನು ಆರ್‌ಒ ನೀರಿನಲ್ಲಿ ಚೆನ್ನಾಗಿ ಜಾಲಿಸಿ, ಕೆಲವು ದಿನ ನೆನೆಹಾಕಿ, ನೀರು ಬದಲಿಸಿ, ಆಮೇಲೆ ಸಂಪ್‌ಗೆ ಇಳಿಸಿ. ಈಗಾಗಲೇ ಮುದುಡಿದ್ದರೆ ಮೀಡಿಯಾವನ್ನು ಹೊರತೆಗೆದು ನೀರು ಬದಲಿಸಿ ನೋಡಿ.

ಮೀಡಿಯಾವನ್ನು ತೊಳೆಯಬೇಕೇ?

ಗಸಿ ಕಟ್ಟಿದ್ದರೆ ಮಾತ್ರ. ನೀರು ಬದಲಿಸುವ ದಿನ ಟ್ಯಾಂಕ್‌ನಿಂದ ತೆಗೆದ ನೀರಿನ ಬಕೆಟ್‌ನಲ್ಲಿ ಅಲ್ಲಾಡಿಸಿ ಹಿಂದಕ್ಕಿಡಿ, ಒಮ್ಮೆಗೆ ಅರ್ಧದಷ್ಟನ್ನು ಮಾತ್ರ. ನಲ್ಲಿ ನೀರಿನ ಕ್ಲೋರಿನ್ ಈ ಜೀವಿಗಳನ್ನು ಕೊಲ್ಲುತ್ತದೆ. ತಿಕ್ಕುವ ಅಗತ್ಯ ಎಂದೂ ಬೀಳಬಾರದು. ಬಿದ್ದರೆ ಮೀಡಿಯಾಕ್ಕೆ ಮುಂಚೆ ಬರುವ ಫಿಲ್ಟರ್ ಸಾಕ್ ಕಡೆ ಗಮನ ಕೊಡಿ.

ಮೀಡಿಯಾ ತೆಗೆದುಬಿಡಬೇಕೆಂದಿದ್ದೇನೆ. ಹೇಗೆ?

ಒಟ್ಟು ಮೀಡಿಯಾದ ಕಾಲುಭಾಗವನ್ನು ತೆಗೆದು ಎರಡು ವಾರ ಕಾಯಿರಿ. ಅಷ್ಟರಲ್ಲಿ ಕಲ್ಲಿನ ಮೇಲಿನ ಜೀವಿಗಳು ಉಳಿದ ಅಮೋನಿಯಾಕ್ಕೆ ತಕ್ಕಂತೆ ಹೆಚ್ಚುತ್ತವೆ. ತೆಗೆದ ಮರುದಿನ ಮತ್ತು ಮೂರನೆಯ ದಿನ ಅಮೋನಿಯಾ ಪರೀಕ್ಷೆ ಮಾಡಿ, ಏನೂ ಕಾಣದಿದ್ದರೆ ಮುಂದಿನ ಕಾಲುಭಾಗ. ಸಂಪ್‌ನೊಳಗೆ ಜಾಗ ಬದಲಿಸುವುದಕ್ಕೆ ಇಷ್ಟು ಜಾಗ್ರತೆ ಬೇಡ. ಒದ್ದೆಯಾಗಿಯೇ ಎತ್ತಿ ಹೊಸ ಜಾಗಕ್ಕೆ ಇಟ್ಟರೆ ಮುಗಿಯಿತು.

ತೆಗೆಯಲು ಸಕಾರಣವೂ ಇರುತ್ತದೆ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಬಿದ್ದ ಟ್ಯಾಂಕ್‌ನಲ್ಲಿ ಹವಳ ಬಿಳಿಚಿಕೊಳ್ಳುತ್ತದೆ, ಮರಳಿನ ಮೇಲೆ ಗುಳ್ಳೆಗಳಿಂದ ಕೂಡಿದ ಕಂದು ಲೋಳೆ ಹರಡುತ್ತದೆ. ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಕಾಟ ಅದು. ಹವಳದೊಳಗಿನ ಪಾಚಿಗೆ ಅಮೋನಿಯಾವೂ ಆಹಾರವೇ. ಅದರ ಬಾಯಿಗೆ ಹೋಗುವ ಮೊದಲೇ ಸಂಪ್‌ನಲ್ಲಿ ಎಲ್ಲವನ್ನೂ ಮುಗಿಸುವ ಹಟ ಬೇಡ. ನೈಟ್ರೇಟ್ 2ರಿಂದ 10 ಪಿಪಿಎಂ ನಡುವೆ ಇದ್ದರೆ ಬಹುಪಾಲು ಹವಳಗಳು ನೆಮ್ಮದಿಯಾಗಿರುತ್ತವೆ.

ಕಡಲಿನಿಂದಲೇ ಹವಳದ ಕಲ್ಲು ತಂದು ಸಂಪ್‌ಗೆ ಹಾಕಿದರೆ?

ಭಾರತದಲ್ಲಿ ಅಪರಾಧ. ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೇ. ಮುರ್ಡೇಶ್ವರದ ಆಚೆಯ ನೇತ್ರಾಣಿಯಾಗಲಿ, ಲಕ್ಷದ್ವೀಪವಾಗಲಿ, ಮನ್ನಾರ್ ಕೊಲ್ಲಿಯಾಗಲಿ, ಅಲ್ಲಿಂದ ಒಂದು ತುಂಡು ಹವಳ ಎತ್ತಿ ತರುವಂತಿಲ್ಲ. ದಡಕ್ಕೆ ಬಂದು ಬಿದ್ದ ಸತ್ತ ತುಂಡು ತಾನೇ ಎಂಬ ವಾದವನ್ನೂ ನಂಬಿ ಕೂರಬೇಡಿ. ಕೃತಕವಾಗಿ ತಯಾರಿಸಿದ ಕಲ್ಲು ಮತ್ತು ಸೆರಾಮಿಕ್ ನಮ್ಮಲ್ಲಿ ಹೆಚ್ಚು ಬೆಲೆ ಪಡೆದಿರುವುದಕ್ಕೆ ಇದೂ ಒಂದು ಕಾರಣ.

ಕ್ವಾರಂಟೈನ್ ಟ್ಯಾಂಕ್‌ಗಾಗಿ (ಹೊಸ ಮೀನನ್ನು ಕೆಲಕಾಲ ಪ್ರತ್ಯೇಕವಾಗಿಡುವ ತೊಟ್ಟಿಗಾಗಿ) ಮೀಡಿಯಾವನ್ನು ಮೊದಲೇ ಸಿದ್ಧ ಮಾಡಿಡಬಹುದೇ?

ಇದಕ್ಕಾಗಿಯೇ ಪ್ರತಿ ಸಂಪ್‌ನಲ್ಲೂ ಒಂದು ಮೂಲೆ ಮೀಸಲಿರಲಿ. ಸ್ಕಿಮ್ಮರ್ ಕೋಣೆಯ ಪಕ್ಕ ಎರಡು ಸ್ಪಂಜ್ ತುಂಡುಗಳನ್ನು ಸದಾ ಇಟ್ಟಿರಿ. ಹೊಸ ಮೀನು ಬಂದ ದಿನ ಒಂದನ್ನು ಕ್ವಾರಂಟೈನ್ ಟ್ಯಾಂಕ್‌ನ ಸ್ಪಂಜ್ ಫಿಲ್ಟರ್‌ಗೆ ಸಿಕ್ಕಿಸಿದರೆ ಅಮೋನಿಯಾದ ಭಯ ಬಹುಮಟ್ಟಿಗೆ ತಪ್ಪುತ್ತದೆ. ಅಲ್ಲಿ ತಾಮ್ರದ ಔಷಧ ಬಳಸಿದ್ದರೆ ಆ ಸ್ಪಂಜ್ ಮತ್ತೆ ಸಂಪ್‌ಗೆ ಬರಬಾರದು: ಹವಳ, ಸೀಗಡಿ, ಬಸವನಹುಳು ಯಾವುದೂ ತಾಮ್ರವನ್ನು ತಾಳಿಕೊಳ್ಳುವುದಿಲ್ಲ. ಸುಣ್ಣದಂಶದ ಕಲ್ಲು, ಹವಳದ ಮರಳು ತಾಮ್ರವನ್ನು ಹೀರಿ ಔಷಧದ ಪ್ರಮಾಣವನ್ನೇ ಕೆಡಿಸುವುದರಿಂದ ಕ್ವಾರಂಟೈನ್‌ಗೆ ಅವು ಬೇಡ, ಸ್ಪಂಜ್ ಅಥವಾ ಪ್ಲಾಸ್ಟಿಕ್ ಮೀಡಿಯಾ ಸಾಕು. ಬಳಸಿದ ಸ್ಪಂಜ್ ಎಸೆದು, ಖಾಲಿಯಾದ ಮೂಲೆಗೆ ಅದೇ ದಿನ ಹೊಸದೊಂದನ್ನು ಇಟ್ಟುಬಿಡಿ; ಅದು ಪಳಗಲು ಐದಾರು ವಾರ ಬೇಕು.